ಎಂಟನೆಯ ದಿನದ ಜನ

ಸವಣಹಾಳಕ್ಕೆ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಊರನ್ನು ಉದ್ಧಾರ ಮಾಡುವವರು ಮಾತ್ರ ದಿನ ತಪ್ಪದೆ ಬರುತ್ತಿದ್ದರು.

ಕಸ್ತೂರಿ ಬಡಿಗೇರ ನಗರಸಭೆಯ ಯೋಜನಾ ಶಾಖೆಯಲ್ಲಿ ಇಪ್ಪತ್ನಾಲ್ಕು ವರ್ಷ ನಕ್ಷೆ ಬರೆಯುತ್ತ ಕೂತವಳು. ಇಂಥ ಏಳು ಉದ್ಧಾರಗಳನ್ನು ಅವಳು ಕಣ್ಣಾರೆ ಕಂಡಿದ್ದಳು. ಒಬ್ಬ ಬಂದು ಊರ ನಡುವೆ ಬಣ್ಣದ ಕಾರಂಜಿ ಕಟ್ಟಿಸಿದ. ಅದರಲ್ಲಿ ಈಗ ಹಂದಿಗಳು ಮಲಗುತ್ತವೆ. ಇನ್ನೊಬ್ಬ ಸೈಕಲ್ಲಿಗೆಂದೇ ರಸ್ತೆಗೆ ಹಸಿರು ಪಟ್ಟಿ ಬಳಿಸಿದ. ಅದರ ಮೇಲೆ ಮೆಣಸಿನಕಾಯಿ ಒಣಗುತ್ತದೆ. ಮತ್ತೊಬ್ಬನಂತೂ ಕೆರೆ ಮುಚ್ಚಿಸಿ, ಆ ಜಾಗದಲ್ಲಿ ಕೆರೆಗಳ ಮಹತ್ವ ಸಾರುವ ಉದ್ಯಾನ ಮಾಡಿಸಿದ್ದ. ಪ್ರತಿ ಸಲವೂ ನಕ್ಷೆ ಬರೆದವಳು ಕಸ್ತೂರಿಯೇ. ಬರೆಯುವಾಗ ಅವಳಿಗೆ ಬರುತ್ತಿದ್ದ ಸಿಟ್ಟನ್ನು ಮಡಚಿಟ್ಟುಕೊಂಡು ಮನೆಗೆ ಒಯ್ದು, ಅತ್ತೆ ದ್ಯಾಮವ್ವನ ಮುಂದೆ ಬಿಚ್ಚುತ್ತಿದ್ದಳು. ಎಂಟನೆಯ ಉದ್ಧಾರ ಗಟಾರದೊಳಗಿಂದ ಬಂತು.

ಅದರ ಹೆಸರು 'ನಗರದೃಷ್ಟಿ'. ದೃಷ್ಟಿ ಎಂದು ಹೆಸರಿದ್ದರೂ ಅದಕ್ಕೆ ಕಣ್ಣಿರಲಿಲ್ಲ, ಕಿವಿಗಳಿದ್ದವು. ಹೆಬ್ಬೆರಳಿನಷ್ಟು ದಪ್ಪದ ಒಂದೊಂದು ಕಿವಿಯನ್ನು ಊರಿನ ಪ್ರತಿ ಓಣಿಯ ಗಟಾರದ ಬಾಯಿಯಲ್ಲಿ ಕೂರಿಸಿದರು. ಹರಿಯುವ ನೀರಿನ ಸಪ್ಪಳ ಕೇಳಿ, ಆ ಓಣಿಯಿಂದ ಎಷ್ಟು ನೀರು ಹೊರಬಿತ್ತು ಎಂದು ಅದು ಲೆಕ್ಕ ಹಾಕುತ್ತದೆ. ಒಬ್ಬ ಮನುಷ್ಯ ಗಂಟೆಗೆ ಇಷ್ಟು ನೀರು ಚೆಲ್ಲುತ್ತಾನೆ ಅಂದಮೇಲೆ ಎಷ್ಟು ನೀರಿಗೆ ಎಷ್ಟು ಜನ ಎಂದು ಹೇಳುವುದು ಸುಲಭ. ಮನೆ ಮನೆ ತಿರುಗಿ ತಲೆ ಎಣಿಸುವ ಕೆಲಸವೇ ಇಲ್ಲ. ಇವತ್ತಿನ ಜನವನ್ನು ಹಿಡಿದು ಮೂವತ್ತು ವರ್ಷದ ಮುಂದಿನ ಜನವನ್ನೂ ಯಂತ್ರ ಹೇಳುತ್ತದೆ. ಅವರಿಗೆ ಎಲ್ಲಿ ರಸ್ತೆ ಬೇಕು, ಎಲ್ಲಿ ಪೈಪು ಬೇಕು, ಯಾವುದನ್ನು ಕೆಡವಬೇಕು ಎಂಬುದನ್ನೂ ಹೇಳುತ್ತದೆ.

ಇದನ್ನು ತಂದವನು ನಿಶ್ಚಲ್ ಎಂಬ ಇಪ್ಪತ್ತೆಂಟರ ಹುಡುಗ, ಬೆಂಗಳೂರಿನ ಸಲಹೆಗಾರ ಕಂಪನಿಯವನು. ನಗರಸಭೆಯ ಮೇಲಿನ ಅಂತಸ್ತಿನಲ್ಲಿ ನಕ್ಷೆಗಳ ಕಪಾಟು ಇದ್ದ ಕೋಣೆಯನ್ನು ಖಾಲಿ ಮಾಡಿಸಿ, ಹವಾನಿಯಂತ್ರಣ ಹಾಕಿಸಿ, ಗೋಡೆಯಗಲದ ಪರದೆ ತೂಗುಹಾಕಿದ. ಕಸ್ತೂರಿ ಬರೆದ ನಕ್ಷೆಗಳನ್ನೆಲ್ಲ ಉರುಳೆ ಮಾಡಿ ಜಾಡಮಾಲಿಯ ಕೋಣೆಯಲ್ಲಿ ಪೊರಕೆಗಳ ಪಕ್ಕ ನಿಲ್ಲಿಸಿದರು. ಪೊರಕೆಯಾದರೂ ದಿನಾ ಉಪಯೋಗಕ್ಕೆ ಬರುತ್ತದೆ ಎಂದುಕೊಂಡಳು ಅವಳು.

ಮೂರು ತಿಂಗಳು ಕೇಳಿಸಿಕೊಂಡ ಮೇಲೆ ಯಂತ್ರ ಊರಿನ ಜನಸಂಖ್ಯೆ ಹೇಳಿತು: ಐದು ಲಕ್ಷ ಹನ್ನೆರಡು ಸಾವಿರ.

ರೇಷನ್ ಕಾರ್ಡಿನ ಪ್ರಕಾರ ಸವಣಹಾಳದಲ್ಲಿ ಇದ್ದದ್ದು ಒಂದು ಲಕ್ಷ ಹದಿನೆಂಟು ಸಾವಿರ ಜನ. ಪೌರಾಯುಕ್ತ ವಿದ್ಯಾಧರ ಪಡಸಲಗಿ ಪರದೆಯ ಮುಂದೆ ನಿಂತು ಆ ಅಂಕಿಯನ್ನು ಎರಡೆರಡು ಸಲ ಓದಿದ. ಹೊಸ ಮೊಮ್ಮಗುವನ್ನು ನೋಡುವ ಅಜ್ಜನ ಮುಖ ಅವನದಾಗಿತ್ತು. ಐದು ಲಕ್ಷ ದಾಟಿದರೆ ನಗರಸಭೆ ಮಹಾನಗರ ಪಾಲಿಕೆಯಾಗುತ್ತದೆ, ಪೌರಾಯುಕ್ತ ಆಯುಕ್ತನಾಗುತ್ತಾನೆ, ಕಾರಿನ ಬಣ್ಣವೂ ಬದಲಾಗುತ್ತದೆ. ನಾಲ್ಕು ಲಕ್ಷ ಜನ ಒಂದು ಮುಂಜಾನೆ ಎಲ್ಲಿಂದ ಬಂದರು ಎಂದು ಕೇಳುವ ಮನುಷ್ಯ ಅವನಲ್ಲ. ವಾರದೊಳಗೆ ಊರ ಹೊರಗಿನ ಹಾದಿಯಲ್ಲಿ ಫಲಕ ಎದ್ದಿತು: 'ಐದು ಲಕ್ಷ ಜನರ ನಗರಕ್ಕೆ ಸುಸ್ವಾಗತ'. ಪರದೆಯ ಮೇಲೆ ಹೊಸ ಯೋಜನೆಗಳ ಪಟ್ಟಿಯೂ ಎದ್ದಿತು: ವರ್ತುಲ ರಸ್ತೆ, ಮೇಲ್ಸೇತುವೆ, ಕಟ್ಟಕಡೆಗೆ ದಿನಾ ನಲ್ಲಿಗೆ ನೀರು.

ಕಸ್ತೂರಿಗೆ ಇದರಿಂದ ನಗು ಬಂತು, ಅಷ್ಟೇ. ಆ ನಗು ನಿಂತದ್ದು ಯಂತ್ರ ಅವಳ ಓಣಿಯ ಹೆಸರು ಹೇಳಿದ ದಿನ.

ಬಡಿಗೇರ ಓಣಿಯಲ್ಲಿ ಇನ್ನೂರ ಹನ್ನೆರಡು ಮನೆ, ಸಾವಿರದ ನೂರು ಜನ. ಅರ್ಧ ಓಣಿ ಮರಗೆಲಸದವರು, ಇನ್ನರ್ಧ ಅವರಿಗೆ ಚಹಾ, ಮೊಳೆ, ಸಾಲಿಗ್ರಾಮದಂಥ ಗಟ್ಟಿ ಶೇಂಗಾ ಚಿಕ್ಕಿ ಮಾರುವವರು. ಯಂತ್ರದ ಪ್ರಕಾರ ಅಲ್ಲಿ ಒಂಬತ್ತು ಸಾವಿರದ ನಾಲ್ಕು ನೂರು ಜನರಿದ್ದರು. ಅದೂ ದಿನಾ ಅಲ್ಲ. ಏಳು ದಿನ ಓಣಿ ಬಿಕೋ ಎನ್ನುತ್ತಿರುತ್ತದೆ, ಎಂಟನೆಯ ದಿನ ಒಂದು ಗಂಟೆಯ ಮಟ್ಟಿಗೆ ಎಂಟು ಸಾವಿರ ಜನ ಬಂದು ಹೋಗುತ್ತಾರೆ.

"ಫ್ಲೋಟಿಂಗ್ ಪಾಪ್ಯುಲೇಶನ್" ಎಂದ ನಿಶ್ಚಲ್, ಸಭೆಯಲ್ಲಿ ಕೂತ ಸದಸ್ಯರಿಗೆ. "ತೇಲುವ ಜನ. ವಾರಕ್ಕೊಂದ್ಸಲ ಬರ್ತಾರೆ, ಸ್ನಾನ ಮಾಡ್ತಾರೆ, ಹೋಗ್ತಾರೆ. ಇವರಿಗೆ ತಂಗಕ್ಕೆ ಜಾಗ ಇಲ್ಲ. ಇದು ದೊಡ್ಡ ಸಮಸ್ಯೆ ಸರ್."

ಆ ಓಣಿಯಲ್ಲಿ ಎಂಟು ಸಾವಿರ ಜನ ಸ್ನಾನ ಮಾಡಿದ್ದನ್ನು ಯಾರಾದರೂ ನೋಡಿದ್ದೀರಾ ಎಂದು ಒಬ್ಬ ಸದಸ್ಯನೂ ಕೇಳಲಿಲ್ಲ. ಅವರಲ್ಲಿ ಇಬ್ಬರು ಅದೇ ಓಣಿಯಿಂದ ಆರಿಸಿ ಬಂದವರು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಒಬ್ಬನಂತೂ ಆ ಅತಿಥಿಗಳಿಗೆ ಊಟದ ವ್ಯವಸ್ಥೆಯೂ ಆಗಬೇಕೆಂದ. ಯಂತ್ರ ಪರಿಹಾರವನ್ನು ಆಗಲೇ ಬರೆದಿತ್ತು. ಓಣಿಯ ಇನ್ನೂರ ಹನ್ನೆರಡು ಮನೆ ತೆಗೆದು ಆ ಜಾಗದಲ್ಲಿ ಒಂಬತ್ತು ಅಂತಸ್ತಿನ ತಂಗುದಾಣ ಕಟ್ಟಬೇಕು. ಮನೆ ಕಳೆದುಕೊಂಡವರಿಗೆ ಒಂಬತ್ತು ಕಿಲೋಮೀಟರು ಆಚೆ, ಕಲ್ಲುಕ್ವಾರಿಯ ಪಕ್ಕ ನಿವೇಶನ. ಆಕ್ಷೇಪ ಸಲ್ಲಿಸಲು ಅರವತ್ತು ದಿನ.

ಹೀಗೆ, ಇಲ್ಲದ ಜನರಿಗೆ ಮಲಗಲು ಜಾಗ ಮಾಡಲು ಇದ್ದ ಜನರನ್ನು ಎಬ್ಬಿಸುವ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಆ ನಿರ್ಣಯದ ನಕ್ಷೆ ಬರೆಯಲು ಕಸ್ತೂರಿಗೇ ಹೇಳಿದರು. ತನ್ನ ಮನೆಯ ಮೇಲೆ ತಾನೇ ಕೆಂಪು ಗೆರೆ ಎಳೆದಳು. ಆದರೆ ಆ ಸಭೆಯಲ್ಲಿ ಕೂತಿದ್ದ ಒಂದೊಂದು ಮುಖವನ್ನೂ ಅವಳು ಅಂದು ನೆನಪಿಟ್ಟುಕೊಂಡಳು.

ಆಕ್ಷೇಪವನ್ನು ಕಂಪ್ಯೂಟರಿನಲ್ಲೇ ಹಾಕಬೇಕಿತ್ತು. ಅಲ್ಲಿ ಆರು ಕಾರಣ ಕೊಟ್ಟು ಒಂದನ್ನು ಆರಿಸಲು ಹೇಳಿದ್ದರು. ಶಬ್ದ, ದೂಳು, ಮರ ಕಡಿತ, ಪಾರ್ಕಿಂಗ್, ಸ್ಮಾರಕ, ಇತರೆ. 'ಇತರೆ' ಒತ್ತಿದರೆ 'ಧನ್ಯವಾದ' ಎಂದು ಬಂದು ಮುಗಿಯುತ್ತಿತ್ತು. ಕಸ್ತೂರಿಯ ಗಂಡ ಮೋನೇಶ ಮೂರು ಸಲ ಒತ್ತಿ ಮೂರು ಧನ್ಯವಾದ ಪಡೆದು, ಉಳಿ ಮಸೆಯಲು ಅಂಗಡಿಗೆ ಹೋದ.

ಆಮೇಲೆ ಬಂದ ಭಾನುವಾರ ಓಣಿಗೆ ನೀರಿನ ಸರದಿ. ಬೆಳಿಗ್ಗೆ ಒಂಬತ್ತಕ್ಕೆ ಖಾದರಸಾಬ ಸೈಕಲ್ಲಿನ ಮೇಲೆ ಉದ್ದನೆಯ ಚಾವಿ ಇಟ್ಟುಕೊಂಡು ಬಂದ. ಅವನು ಈ ಭಾಗಕ್ಕೆ ನೀರು ಬಿಡುವವನು. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಯಾರ ಮನೆಗೆ ನೀರು ಏರುತ್ತದೆಂದು ಬಲ್ಲವನು. ಅವನ ಗಂಟೆಯ ಸಪ್ಪಳ ಕೇಳಿದ್ದೇ ತಡ, ದ್ಯಾಮವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದಳು. ಹೋದ ಸರದಿಯಲ್ಲಿ ತುಂಬಿಟ್ಟ ನಾಲ್ಕು ಬ್ಯಾರಲ್ಲುಗಳಲ್ಲಿ ನೀರು ಇನ್ನೂ ಹಾಗೇ ಇತ್ತು. ಮುದುಕಿ ಮೊದಲನೆಯದಕ್ಕೆ ಹೆಗಲು ಕೊಟ್ಟು ದಢಾರನೆ ಗಟಾರಕ್ಕೆ ಉರುಳಿಸಿದಳು.

"ನಿಂತ್ಕೊಂಡು ಏನ್ ನೋಡ್ತಿ? ಆ ಕಡೀದು ಚೆಲ್ಲು" ಎಂದಳು ಸೊಸೆಗೆ. "ಹೊಸಾ ನೀರು ಬಂತಂದ್ರ ಹಳೇದು ಬ್ಯಾರಲ್ಲಿನ್ಯಾಗ ಇರಬಾರ್ದು. ಎಂಟು ದಿನಾ ನಿಂತ ನೀರಿಗೆ ಜೀವ ಇರೂದಿಲ್ಲ."

ಕಸ್ತೂರಿ ಈ ಮನೆಗೆ ಬಂದು ಇಪ್ಪತ್ತಾರು ವರ್ಷ. ಇಪ್ಪತ್ತಾರು ವರ್ಷವೂ ಎಂಟು ದಿನಕ್ಕೊಮ್ಮೆ ಹಳೇ ನೀರು ಚೆಲ್ಲಿದ್ದಾಳೆ. ವಾರವಿಡೀ ಒಂದು ತಂಬಿಗೆ ನೀರಿಗೂ ಕೈ ಬಿಗಿ ಹಿಡಿಯುವ ಹೆಂಗಸರು, ನಾಳೆ ನೀರು ಬಾರದಿದ್ದರೆ ಗತಿಯೇನೆಂದು ಕೊಡ ಹಂಡೆಗಳ ನೀರಲ್ಲೇ ವಾರ ನೂಕಿ ಬ್ಯಾರಲ್ಲು ಮುಟ್ಟದೆ ಕಾಯುವ ಹೆಂಗಸರು, ಹೊಸ ನೀರಿನ ಸಪ್ಪಳ ಕೇಳಿದೊಡನೆ ಉಳಿಸಿದ್ದನ್ನೆಲ್ಲ ಒಮ್ಮೆಲೇ ಚೆಲ್ಲಿಬಿಡುತ್ತಾರೆ. ಓಣಿಯ ಎರಡೂ ಬದಿಗೆ ಅದೇ ದಢಾರ್ ದಢಾರ್. ಗಟಾರ ಹಳ್ಳದಂತೆ ಉಕ್ಕಿ ಹರಿಯಿತು. ಅದರ ತುದಿಯಲ್ಲಿ, ಕಲ್ಲುಚಪ್ಪಡಿಯ ಅಡಿಯಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಕಿವಿ ಕೂತು ಎಣಿಸುತ್ತಿತ್ತು.

ಕಸ್ತೂರಿ ಕೈಯಲ್ಲಿದ್ದ ಕೊಡಪಾನ ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟಳು. ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಊರಿನ ಗಟಾರಗಳ ಇಳಿಜಾರನ್ನು ಇಂಚಿಂಚು ಬರೆದವಳು ತಾನು. ಅವುಗಳಲ್ಲಿ ಏನು ಹರಿಯುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ.

"ಅತ್ತೀ, ಎಂಟು ಸಾವಿರ ಮಂದಿ ಯಾರಂತ ಗೊತ್ತಾತು" ಎಂದಳು.

"ಯಾರು?"

"ನಿಮ್ಮ ಬ್ಯಾರಲ್ಲು."

ಸೋಮವಾರ ಅವಳು ಮೇಲಿನ ಕೋಣೆಗೆ ಹೋಗಿ ಪಡಸಲಗಿಗೂ ನಿಶ್ಚಲನಿಗೂ ಇದನ್ನು ವಿವರಿಸಿದಳು. ಬಿಡಿಬಿಡಿಯಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದಳು. ದಿನಾ ನಲ್ಲಿಯಲ್ಲಿ ನೀರು ಬರುವ ಊರಿಗೆ ಮಾಡಿದ ಲೆಕ್ಕ ಇದು. ಇಲ್ಲಿ ಜನ ವಾರವಿಡೀ ಉಳಿಸಿದ ನೀರನ್ನು ಒಂದು ಗಂಟೆಯಲ್ಲಿ ಚೆಲ್ಲುತ್ತಾರೆ.

ನಿಶ್ಚಲ್ ದಡ್ಡನಲ್ಲ. ಅವನಿಗೆ ಮೊದಲ ಮಾತಿಗೇ ತಿಳಿಯಿತು. "ಪೈಪಿನ ಲೆಕ್ಕ ಯಾವಾಗ್ಲೂ ಅತಿ ಹೆಚ್ಚು ಹರಿಯೋ ಗಂಟೆ ಮೇಲೇ ಇರತ್ತೆ ಮೇಡಂ" ಎಂದ ಮೆಲ್ಲಗೆ. "ಆದ್ರೆ ಯಾರಾದ್ರೂ ಒಳ್ಳೇ ನೀರು ಚೆಲ್ತಾರೆ ಅಂತ... ನಮಗೆ ಯಾರೂ ಹೇಳ್ಲಿಲ್ಲ."

"ನೀವು ಯಾರನ್ನ ಕೇಳಿದ್ರಿ?"

ಅವನು ಪರದೆಯ ಮೂಲೆಯ ಒಂದು ಗುಂಡಿಯನ್ನು ತೋರಿಸಿದ. ಅದರ ಮೇಲೆ 'ತಲೆ ಎಣಿಕೆ' ಎಂದಿತ್ತು. ಅದನ್ನು ಒತ್ತಿದರೆ ಕಿವಿಯ ಲೆಕ್ಕ ಬಿಟ್ಟು ರೇಷನ್ ಕಾರ್ಡಿನ ತಲೆಗಳನ್ನೇ ಯಂತ್ರ ಹಿಡಿಯುತ್ತದೆ. ಒತ್ತಲು ಪೌರಾಯುಕ್ತರ ಹೆಬ್ಬೆರಳೇ ಬೇಕು. "ಆದ್ರೆ ಒಂದು ಓಣಿಗೆ ಮಾತ್ರ ಮಾಡಕ್ಕಾಗಲ್ಲ. ಒತ್ತಿದ್ರೆ ಇಡೀ ಸಿಟಿಗೆ."

ಇಡೀ ಸಿಟಿ ಎಂದರೆ ಐದು ಲಕ್ಷ ಹೋಗಿ ಒಂದು ಲಕ್ಷ ಹದಿನೆಂಟು ಸಾವಿರ. ಪಡಸಲಗಿ ಕನ್ನಡಕ ತೆಗೆದು ಒರೆಸಿದ. "ಬಡಿಗೇರ್ ಮೇಡಂ, ನಿಮ್ಮ ಮನಿ ಅದೇ ಓಣ್ಯಾಗ ಅದ ಅಲ್ಲಾ?"

"ಹೌದ್ರೀ ಸರ್."

"ಹಂಗಾದ್ರ ಇದ್ರಾಗ ನೀವು ಮಾತಾಡೂದು ಸರಿ ಅಲ್ಲ. ನಿಮಗ ಸ್ವಂತ ಹಿತಾಸಕ್ತಿ ಅದ. ಯಂತ್ರಕ್ಕ ಮನೀನೂ ಇಲ್ಲ, ಅತ್ತೀನೂ ಇಲ್ಲ. ಅದು ಸುಳ್ಳು ಹೇಳೂದಿಲ್ಲ." ಕನ್ನಡಕ ಹಾಕಿಕೊಂಡು ಕಡತದ ಕಡೆ ತಿರುಗಿದ. "ಮತ್ತ ನಿಮ್ಮ ಮಂದಿಗೆ ನೀರು ಪೋಲು ಮಾಡಬ್ಯಾಡ್ರಿ ಅಂತ ಹೇಳ್ರಿ."

ನಿಶ್ಚಲ್ ಕೆಳಗೆ ನೋಡುತ್ತ ಕೂತ. ಕಸ್ತೂರಿಗೆ ಪಡಸಲಗಿಗಿಂತ ಆ ಹುಡುಗನ ಮೇಲೆ ಹೆಚ್ಚು ತಿರಸ್ಕಾರ ಬಂತು. ಪಡಸಲಗಿಗೆ ತಿಳಿಯುವ ಮನಸ್ಸಿರಲಿಲ್ಲ, ಇವನಿಗೆ ತಿಳಿದಿತ್ತು.

ಪೋಲು ಮಾಡಬೇಡಿ ಎಂದ ಮಾತು ಮಾತ್ರ ಅವಳ ತಲೆಯಲ್ಲಿ ಉಳಿಯಿತು. ಚೆಲ್ಲುವುದನ್ನೇ ಬಿಟ್ಟರೆ? ಮುಂದಿನ ಸರದಿಗೆ ಮೊದಲು ಅವಳು ಮನೆ ಮನೆಗೂ ಹೋಗಿ, ಒಂದು ಸಲ ಹಳೇ ನೀರಿನ ಮೇಲೇ ಹೊಸ ನೀರು ತುಂಬಿರೆಂದು ಕೈ ಮುಗಿದಳು. ಹೆಂಗಸರು ಮೂಗು ಮುರಿದರು, ಆದರೆ ಮನೆಯ ಪ್ರಶ್ನೆ. ದ್ಯಾಮವ್ವ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಕೊನೆಗೆ "ಹಳಸಿದ ನೀರು ಕುಡದು ಸತ್ರ ನಿನ್ನ ಹೆಸರು ಹೇಳಿ ಸಾಯ್ತೀನಿ" ಎಂದು ಒಪ್ಪಿದಳು. ಆ ಎಂಟನೆಯ ದಿನ ಓಣಿಯಲ್ಲಿ ಒಂದು ಬ್ಯಾರಲ್ಲೂ ಉರುಳಲಿಲ್ಲ. ಪಾತ್ರೆ ತೊಳೆದ ನೀರು ಎಂದಿನಂತೆ ಕರಿಬೇವಿಗೆ ಹೋಯಿತು, ಬಟ್ಟೆ ಒಗೆದ ನೀರು ಪಾಯಖಾನೆಗೆ. ಗಟಾರ ಒಣಗಿ ನಿಂತಿತು.

ಮರುದಿನ ಯಂತ್ರ ಓಣಿಯ ಹೊಸ ಜನಸಂಖ್ಯೆ ಹೇಳಿತು: ನೂರ ಅರವತ್ತು. ಅದರ ಕೆಳಗೆ ಒಂದು ಟಿಪ್ಪಣಿ. 'ನಿವಾಸಿಗಳು ಸ್ವಇಚ್ಛೆಯಿಂದ ಸ್ಥಳಾಂತರಗೊಂಡಿದ್ದಾರೆ. ತೆರವು ಕಾರ್ಯವನ್ನು ಒಂದು ತಿಂಗಳೊಳಗೆ ಮಾಡಬಹುದು.' ಜನ ಬಂದರೆಂದು ನಂಬಲು ಯಂತ್ರಕ್ಕೆ ಸತತ ಮೂರು ಸರದಿ ಬೇಕಿತ್ತು. ಹೋದರೆಂದು ನಂಬಲು ಒಂದೇ ಸಾಕಿತ್ತು. ಅದನ್ನು ಹಾಗೆ ಮಾಡಿದವರಿಗೆ ತಾವು ಯಾರ ಕೆಲಸ ಮಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು. ಪಡಸಲಗಿ ಓಣಿಯವರ ಸಹಕಾರಕ್ಕೆ ಅಭಿನಂದನೆ ಹೇಳಿ ಪತ್ರಿಕೆಗೆ ಹೇಳಿಕೆ ಕೊಟ್ಟ. ಸಹಕಾರ ಕೊಟ್ಟು ಹೊರಟುಹೋದ ಸಾವಿರದ ನೂರು ಜನ ಅದನ್ನು ತಮ್ಮ ತಮ್ಮ ಕಟ್ಟೆಯ ಮೇಲೆ ಕೂತು ಓದಿದರು.

"ನೀ ನಕ್ಷಾ ಬರ್ಯಾಕಿ ಅಲ್ಲ?" ಎಂದ ಮೋನೇಶ ಆ ಸಂಜೆ. ಅವನು ಜಗಳ ಮಾಡುವ ಮನುಷ್ಯನಲ್ಲ. ಅಜ್ಜನ ಕಾಲದ ಕೆಲಸದ ಮಣೆಯನ್ನು ಒರೆಸುತ್ತ ಕೂತಿದ್ದ. "ಈ ಮಣಿ ಬಾಗಲದಾಗ ಹಿಡ್ಸೂದಿಲ್ಲ. ಇದನ್ನ ಒಳಗ ಇಟ್ಟು ಆಮ್ಯಾಲ ಗ್ವಾಡಿ ಕಟ್ಟ್ಯಾರ. ಮನಿ ಕೆಡವಿದ್ರ ಇದನ್ನೂ ಕಡೀಬೇಕು. ಏನರ ಒಂದು ಮಾಡು."

ಕಸ್ತೂರಿ ಉಣ್ಣದೆ ಎದ್ದಳು. ಮರುದಿನ ಕಚೇರಿಯಲ್ಲಿ ಜಾಡಮಾಲಿಯ ಕೋಣೆಗೆ ಹೋಗಿ, ಪೊರಕೆ ಸರಿಸಿ, ತನ್ನ ನಕ್ಷೆಯ ಉರುಳೆ ಬಿಚ್ಚಿದಳು. ಬಡಿಗೇರ ಓಣಿಯ ಹಿಂದೆ, ಹತ್ತು ನಿಮಿಷದ ಇಳಿಜಾರಿನಲ್ಲಿ ಆಫೀಸರ್ಸ್ ಕಾಲೋನಿ. ಇಪ್ಪತ್ತಾರು ಬಂಗಲೆ, ತೊಂಬತ್ತನಾಲ್ಕು ಜನ. ಸ್ವಂತ ಬೋರ್‌ವೆಲ್ಲು, ದಿನಾ ನೀರು. ಇಪ್ಪತ್ತಾರು ಬಂಗಲೆಗಳ ನೀರೂ ಉದ್ಯಾನದ ಮೂಲೆಯ ಒಂದೇ ಗಟಾರದ ಬಾಯಿಯಿಂದ ಹೊರಬೀಳುತ್ತಿತ್ತು. ಅಲ್ಲಿಯೂ ಒಂದು ಕಿವಿ ಇತ್ತು. ನಾಲ್ಕನೆಯ ನಂಬರಿನ ಬಂಗಲೆ ಪೌರಾಯುಕ್ತರದು.

ಮುಂದಿನ ಮೂರು ಸರದಿಯೂ ಓಣಿಗೆ ನೀರು ತಪ್ಪಬಾರದೆಂದು ಅವಳು ಖಾದರಸಾಬನನ್ನು ಚಹಾದ ಅಂಗಡಿಗೆ ಕರೆದಳು. ಅವನು ಎಲ್ಲ ಕೇಳಿ, ಬಸಿಯಲ್ಲಿ ಉಳಿದ ಚಹಾ ಮುಗಿಸಿ, "ಅಕ್ಕಾರ, ಮೂವತ್ತೊಂದು ವರ್ಷ ಮ್ಯಾಲಿನಿಂದ ಕೆಳಗ ನೀರು ಬಿಟ್ಟೀನ್ರೀ" ಎಂದ. "ಸಾಹೇಬ್ರ ಮನಿಗೆ ಮಂದಿನ್ನ ಬಿಡೂದು ಇದೇ ಮೊದಲು."

ಮುಂದಿನ ಸರದಿಯ ದಿನ ಓಣಿಯ ಹೆಂಗಸರು ಹಳೇ ನೀರನ್ನು ಚೆಲ್ಲಲಿಲ್ಲ, ಹೊತ್ತರು. ಮದುವೆಗಳಿಗೆ ನೀರು ಹೊಡೆಯುವ ಓಣಿಯದೇ ನಾಲ್ಕು ಟ್ರ್ಯಾಕ್ಟರ್ ಟ್ಯಾಂಕರು ತುಂಬಿದವು. ಮೋನೇಶ ಮತ್ತು ಅವನ ಜೊತೆಯವರು ಬಾಗಿಲು ಚೌಕಟ್ಟು ಸಾಗಿಸುವ ತಳ್ಳುಗಾಡಿಗಳ ಮೇಲೆ ಇಪ್ಪತ್ತೈದು ಬ್ಯಾರಲ್ಲು ಏರಿಸಿದರು. ಮುಂದೆ ಒಂದು ಬಟ್ಟೆಯ ಫಲಕ: 'ಸ್ವಚ್ಛತಾ ಶ್ರಮದಾನ'. ಬೆಳಿಗ್ಗೆ ಹತ್ತಕ್ಕೆ ಕಾಲೋನಿಗೆ ಹೋಗಿ, ಬಂಗಲೆಗಳ ಮುಂದಿನ ಗಟಾರಕ್ಕೆ ಒಂದು ಗಂಟೆಯೊಳಗೆ ಇಪ್ಪತ್ತೈದು ಸಾವಿರ ಲೀಟರ್ ನೀರು ಸುರಿದು ಪೊರಕೆಯಿಂದ ಉಜ್ಜಿದರು. ದ್ಯಾಮವ್ವ ನಾಲ್ಕನೆಯ ನಂಬರಿನ ಮುಂದೆ ತನ್ನ ಬ್ಯಾರಲ್ಲನ್ನು ತಾನೇ ಉರುಳಿಸಿದಳು. ಬೇರೆಯವರಿಗೆ ಬಿಡಲಿಲ್ಲ.

ಕಾಲೋನಿಯವರು ಅದನ್ನು ತಡೆದರೆ? ಆ ಹೆದರಿಕೆ ಕಸ್ತೂರಿಗೆ ಇತ್ತು. ಆದರೆ ತಮ್ಮ ಗಟಾರವನ್ನು ಬಡವರು ಬಂದು ತೊಳೆದರೆ ಅದರಲ್ಲಿ ಏನೋ ಇರಬೇಕೆಂದು ಅನುಮಾನಿಸುವ ಅಭ್ಯಾಸ ಆ ಜನಕ್ಕೆ ಇರಲಿಲ್ಲ. ತಮಗೆ ಸಲ್ಲಬೇಕಾದದ್ದೇ ಸಂದಿತೆಂದುಕೊಂಡರು. ಪಡಸಲಗಿ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಬಂದು ನಾಲ್ಕು ಮಾತಾಡಿದ. ನಾಗರಿಕ ಪ್ರಜ್ಞೆ ಎಂಬ ಪದವನ್ನು ಐದು ಸಲ ಬಳಸಿದ. ಪೊರಕೆ ಹಿಡಿದ ದ್ಯಾಮವ್ವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಮುಂದಿನ ವಾರವೂ ಬನ್ನಿ ಎಂದ. ಬಂದರು. ಅದರ ಮುಂದಿನ ವಾರವೂ ಬಂದರು. ಓಣಿಯಲ್ಲಿ ಉಳಿದ ಹಳೇ ನೀರನ್ನು ಎಂದಿನಂತೆ ಓಣಿಯ ಗಟಾರಕ್ಕೇ ಚೆಲ್ಲಿದರು. ಜನ ವಾಪಸು ಬಂದಿದ್ದಾರೆಂದು ಯಂತ್ರ ಬರೆದುಕೊಂಡಿತು. ಕೆಡವುವ ದಿನವನ್ನು ಮಾತ್ರ ಬದಲಿಸಲಿಲ್ಲ.

ಮೂರನೆಯ ಸರದಿ ಮುಗಿದ ಮರುದಿನ, ಓಣಿಗೆ ಮನೆ ಕೆಡವುವ ಯಂತ್ರಗಳು ಬರಲು ಇನ್ನು ಐದು ದಿನ ಇರುವಾಗ, ಕಾಲೋನಿಯ ಇಪ್ಪತ್ತಾರು ಗೇಟುಗಳಿಗೂ ಒಂದೊಂದು ನೋಟಿಸು ಬಂತು. ನಗರದೃಷ್ಟಿ ತಾನೇ ಬರೆದು, ತಾನೇ ಮುದ್ರಿಸಿ, ಪೌರಾಯುಕ್ತರ ಸಹಿಯನ್ನೂ ತಾನೇ ಒತ್ತಿ ಕಳಿಸಿದ್ದು. ಸಹಿ ಹಾಕುವ ಬೇಸರ ತಪ್ಪಲೆಂದು ಪಡಸಲಗಿಯೇ ಅದಕ್ಕೆ ಆ ಅಧಿಕಾರ ಕೊಟ್ಟಿದ್ದ. 'ತಮ್ಮ ಪ್ರದೇಶದಲ್ಲಿ ಸಾವಿರದ ನಾಲ್ಕು ನೂರು ಜನರು ಇಪ್ಪತ್ತಾರು ಮನೆಗಳಲ್ಲಿ ವಾಸವಿರುವುದು ಕಂಡುಬಂದಿದೆ. ಮನೆಯೊಂದಕ್ಕೆ ಐವತ್ತನಾಲ್ಕು ಜನ. ಇದು ನಗರದಲ್ಲೇ ಅತಿ ಹೆಚ್ಚಿನ ದಟ್ಟಣೆ. ತಂಗುದಾಣ ಸಂಖ್ಯೆ ಎರಡಕ್ಕಾಗಿ ಸದರಿ ಕಟ್ಟಡಗಳನ್ನು ತೆರವುಗೊಳಿಸಲಾಗುವುದು.'

ಹನ್ನೊಂದು ಗಂಟೆಗೆ ಕಸ್ತೂರಿಯನ್ನು ಮೇಲೆ ಕರೆಸಿದರು. ಪಡಸಲಗಿಯ ಮೊಬೈಲು ಬಿಡದೆ ಹೊಡೆದುಕೊಳ್ಳುತ್ತಿತ್ತು. ಒಂದು ಸಲ ಹೆಂಡತಿ, ಒಂದು ಸಲ ಜಿಲ್ಲೆಯ ದೊಡ್ಡ ಎಂಜಿನಿಯರು, ಒಂದು ಸಲ ನಿವೃತ್ತ ನ್ಯಾಯಾಧೀಶರು. ಎಲ್ಲರಿಗೂ ಅವನು "ತಪ್ಪಾಗೇದ್ರೀ, ಯಂತ್ರದ್ದು ತಪ್ಪಾಗೇದ" ಎನ್ನುತ್ತಿದ್ದ. ಒಂದು ತಿಂಗಳ ಹಿಂದೆ ಸುಳ್ಳು ಹೇಳಲು ಬಾರದ ಯಂತ್ರ ಒಂದೇ ಮುಂಜಾನೆಯಲ್ಲಿ ಕಲಿತುಬಿಟ್ಟಿತ್ತು.

"ಬಡಿಗೇರ್ ಮೇಡಂ, ನಮ್ಮ ಮನ್ಯಾಗ ಐವತ್ತನಾಲ್ಕು ಮಂದಿ ಎಲ್ಲಿ ಇದ್ದಾರ? ನಾನು, ನಮ್ಮಾಕಿ, ಒಂದು ನಾಯಿ."

"ತೇಲುವ ಜನ ಇರಬೇಕ್ರೀ ಸರ್. ವಾರಕ್ಕೊಮ್ಮೆ ಬಂದು ಸ್ನಾನಾ ಮಾಡಿ ಹೋಗ್ತಾರಂತ."

ನಿಶ್ಚಲ್ ಥಟ್ಟನೆ ತಲೆಯೆತ್ತಿ ಅವಳನ್ನು ನೋಡಿದ. ಅವನಿಗೆ ತಿಳಿಯಿತು. ಈ ಸಲವೂ ಅವನು ಏನೂ ಹೇಳಲಿಲ್ಲ. ಆದರೆ ಈ ಸಲದ ಸುಮ್ಮನಿರುವಿಕೆ ಅವಳಿಗೆ ಉಪಯೋಗಕ್ಕೆ ಬಂತು.

"ಕಾಲೋನಿ ಒಂದನ್ನ ಪಟ್ಟೀಲಿಂದ ತೆಗೀರಿ" ಎಂದ ಪಡಸಲಗಿ ಅವನಿಗೆ.

"ಒಂದಕ್ಕೇ ಆಗಲ್ಲ ಸರ್."

"ಯಾರರ ಕೈಲೆ ತೆಗೀಲಿಕ್ಕೆ ಬರೂದಿಲ್ಲೇನು?"

"ಒಂದೇ ಗುಂಡಿ ಇರೋದು ಸರ್. ಇಡೀ ಸಿಟಿಗೆ."

ಪಡಸಲಗಿ ಪರದೆಯ ಮೇಲಿನ ಐದು ಲಕ್ಷವನ್ನು ನೋಡಿದ, ಕೈಯಲ್ಲಿದ್ದ ನೋಟಿಸನ್ನು ನೋಡಿದ. ಮೊಬೈಲು ಮತ್ತೆ ಹೊಡೆದುಕೊಂಡಿತು, ಮತ್ತೆ ಹೆಂಡತಿ. ಕಸ್ತೂರಿ ಕೈ ಕಟ್ಟಿ ನಿಂತಿದ್ದಳು. ಇನ್ನೂರ ಹನ್ನೆರಡು ಮನೆಗಳಿಗೆ ಅಲ್ಲಾಡದ ಆ ಹೆಬ್ಬೆರಳು ಒಂದು ಮನೆಗೆ ಎಷ್ಟು ಹೊತ್ತು ತಡೆಯುತ್ತದೆಂದು ಗೋಡೆಯ ಗಡಿಯಾರ ನೋಡಿದಳು. ನಾಲ್ಕು ನಿಮಿಷವೂ ಆಗಲಿಲ್ಲ. ಒತ್ತಲು ಕಾರಣ ಬರೆಯಬೇಕೆಂದು ಯಂತ್ರ ಕೇಳಿತು. ಪಡಸಲಗಿಗೆ ಏನು ಬರೆಯಬೇಕೋ ಹೊಳೆಯಲಿಲ್ಲ. ಕಸ್ತೂರಿ ಹೇಳಿದಳು, ಅವನು ಬರೆದ: 'ಈ ಊರಿನ ಜನ ಹೊಸ ನೀರು ಬಂದಾಗ ಹಳೇ ನೀರು ಚೆಲ್ಲುತ್ತಾರೆ. ಇದನ್ನು ಮೊದಲೇ ತಿಳಿಸಲಾಗಿತ್ತು.' ಎರಡನೆಯ ವಾಕ್ಯ ಬರೆಯುವಾಗ ಅವನು ಒಂದು ಕ್ಷಣ ನಿಂತ. ಆಮೇಲೆ ಅದನ್ನೂ ಬರೆದು ಬೆರಳೊತ್ತಿದ.

ಪರದೆಯ ಅಂಕಿ ಅಳಿಸಿಹೋಗಿ ಹೊಸದು ಮೂಡಿತು. ಬಡಿಗೇರ ಓಣಿಯ ಮೇಲಿನ ಕೆಂಪು ಗೆರೆ ಹೋಯಿತು, ಆಫೀಸರ್ಸ್ ಕಾಲೋನಿಯದೂ ಹೋಯಿತು. ಅವುಗಳ ಜೊತೆಗೇ ಮಹಾನಗರ ಪಾಲಿಕೆ, ವರ್ತುಲ ರಸ್ತೆ, ಮೇಲ್ಸೇತುವೆ ಒಂದೊಂದಾಗಿ ಅಳಿಸಿಹೋದವು. ಒಂದು ಲಕ್ಷ ಹದಿನೆಂಟು ಸಾವಿರ. ಪಡಸಲಗಿ ಸೂತಕದ ಮನೆಯಲ್ಲಿ ನಿಂತವನಂತೆ ನಿಂತಿದ್ದ.

"ನಾಲ್ಕು ಲಕ್ಷ ಮಂದಿ" ಎಂದ. "ಎಲ್ಲಿ ಹೋದ್ರು?"

"ಗಟಾರಕ್ಕ ಹೋದ್ರು ಸರ್" ಎಂದಳು ಕಸ್ತೂರಿ.

ಅವಳು ಮೆಟ್ಟಿಲಿಳಿದು ಜಾಡಮಾಲಿಯ ಕೋಣೆಯಿಂದ ನಕ್ಷೆಗಳನ್ನು ತೆಗೆದು ತನ್ನ ಮೇಜಿನ ಮೇಲೆ ಇಟ್ಟುಕೊಂಡಳು. ಯಾರೂ ಬೇಡ ಎನ್ನಲಿಲ್ಲ.

ಮುಂದಿನ ಸರದಿಯ ಹೊತ್ತಿಗೆ ಓಣಿಯಲ್ಲಿ ಹೋಳಿಗೆ ಮಾಡಿ ಹಂಚಿ ಮುಗಿದಿತ್ತು. ಖಾದರಸಾಬನ ಗಂಟೆ ಕೇಳಿಸಿತು. ದ್ಯಾಮವ್ವ ನೆರಿಗೆ ಸಿಕ್ಕಿಸಿಕೊಂಡು ಬ್ಯಾರಲ್ಲಿಗೆ ಹೆಗಲು ಕೊಟ್ಟವಳು, ಏನೋ ನೆನಪಾಗಿ ನಿಂತಳು.

"ಕಸ್ತೂರಿ, ಆ ಹುಡುಗ ಮೊದಲನೇ ಸಭೆದಾಗ ಒಂದು ಮಾತು ಹೇಳಿದ್ನಂತಲ್ಲ. ದಿನಾ ನಳಕ್ಕ ನೀರು ಬರೂವಂಗ ಮಾಡ್ತೀವಿ ಅಂತ. ಅದೇನಾತು?"

ಕಸ್ತೂರಿ ಎರಡನೆಯ ಬ್ಯಾರಲ್ಲಿನ ಮುಚ್ಚಳ ತೆಗೆದಳು. ಅದು ಪಟ್ಟಿಯ ಕೊನೆಯಲ್ಲಿತ್ತು, ಮೇಲ್ಸೇತುವೆಯ ಕೆಳಗೆ. ಅಂದು ಪರದೆಯಿಂದ ಎಲ್ಲಕ್ಕಿಂತ ಕೊನೆಗೆ ಅಳಿಸಿಹೋದದ್ದು ಅದೇ. ಅವಳು ಅದನ್ನು ನೋಡಿದ್ದಳು, ಮನೆಯಲ್ಲಿ ಹೇಳಿರಲಿಲ್ಲ.

"ಅದು ಐದು ಲಕ್ಷ ಮಂದಿ ಇರೂ ಊರಿಗೆ ಕೊಡೂದಂತ ಅತ್ತೀ. ನಮ್ಮಂಥಾ ಸಣ್ಣ ಊರಿಗೆ ಇಲ್ಲಂತ."

ದ್ಯಾಮವ್ವ ಬ್ಯಾರಲ್ಲಿನೊಳಗೆ ಬಗ್ಗಿ ನೋಡಿದಳು. ನೀರು ತಿಳಿಯಾಗಿತ್ತು, ತಳದಲ್ಲಿ ಬಿದ್ದ ಒಂದು ಕರಿಬೇವಿನ ಎಲೆಯೂ ಕಾಣುತ್ತಿತ್ತು.

"ಹಂಗಾರ ಬಾ" ಎಂದಳು. "ಆ ಕಡೀದು ಹಿಡಿ. ಚೆಲ್ಲೂಣು."